ಕಾಪಿ ನಡುವೆ ನಿಂತರೆ ಪೆನ್‌ಡ್ರೈವ್ ಕೀಳುವ ಮುನ್ನ

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ನಮ್ಮ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಜಾತ್ರೆಯ ಹೊತ್ತಿಗೆ ನಡೆಯುವ ದೊಡ್ಡಾಟ, ಸಣ್ಣಾಟಗಳನ್ನು ರಾತ್ರಿಯಿಡೀ ವಿಡಿಯೋ ಮಾಡಿ ಸಂಗ್ರಹಿಸುತ್ತಿದ್ದೇನೆ. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಇದೆ, ರ‍್ಯಾಮ್ 16 ಜಿಬಿ. ಕಲಾವಿದರಿಗೆ ಕೊಡಲೆಂದು 14 ಜಿಬಿಯ ಒಂದು ಫೈಲನ್ನು ಪೆನ್‌ಡ್ರೈವಿಗೆ ಹಾಕಿದರೆ ಮೊದಲ ಎರಡು ಮೂರು ಜಿಬಿ ನೋಡನೋಡುತ್ತಿದ್ದಂತೆ ಹೋಗುತ್ತದೆ, ಆಮೇಲೆ ನಿಂತೇಬಿಡುತ್ತದೆ. ರದ್ದು ಮಾಡಿದರೂ ಕಿಟಕಿ ಮುಚ್ಚುವುದಿಲ್ಲ. ಒಮ್ಮೆ ಬೇಸತ್ತು ಹಾಗೆಯೇ ಕಿತ್ತುಕೊಂಡೆ. ಆ ವಿಡಿಯೋ ಎಲ್ಲಿಯೂ ತೆರೆಯಲಿಲ್ಲ. 2 ಟಿಬಿಯ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕುವಾಗಲೂ ಈಚೆಗೆ ಆಗಾಗ ಅರ್ಧ ನಿಮಿಷ ಸ್ತಬ್ಧವಾಗುತ್ತದೆ. ಬೆಳಗಾವಿಯ ಗೆಳೆಯರಿಗೆ ಇಂಟರ್‌ನೆಟ್ ಮೂಲಕ ಕಳುಹಿಸಿದರೆ ನಡುವೆ ನಿಂತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇದು ಲಿನಕ್ಸಿನ ದೋಷವೇ? ವಿಂಡೋಸ್‌ಗೆ ಮರಳುವುದು ಒಳ್ಳೆಯದೇ?

ಉತ್ತರ: ನೀವು ಒಂದೇ ತೊಂದರೆ ಎಂದುಕೊಂಡು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣುವುದರಿಂದ, ಒಂದಕ್ಕೆ ಮಾಡಬೇಕಾದ ಉಪಾಯವನ್ನು ಇನ್ನೊಂದಕ್ಕೆ ಮಾಡಿ ಸೋಲುವವರೇ ಹೆಚ್ಚು. ಪೆನ್‌ಡ್ರೈವಿನದು ಬಹುಮಟ್ಟಿಗೆ ತೊಂದರೆಯೇ ಅಲ್ಲ, ಲಿನಕ್ಸ್ ಬರೆಯುವ ಕ್ರಮ. ಹಾರ್ಡ್‌ಡಿಸ್ಕಿನದು ಕೇಬಲ್, ಪೋರ್ಟ್ ಇಲ್ಲವೇ ಡಿಸ್ಕಿನ ಆರೋಗ್ಯಕ್ಕೆ ಸಂಬಂಧಿಸಿದ್ದು. ನನಗೆ ನಿಜವಾಗಿ ಆತಂಕ ತಂದದ್ದು ಇದೇ. ಮೂರನೆಯದು ಜಾಲದ್ದು. ವಿವರಕ್ಕೆ ಹೋಗುವ ಮುನ್ನ ಒಂದು ವಿನಂತಿ: ಈ ವಿಷಯ ಇತ್ಯರ್ಥವಾಗುವವರೆಗೆ ಕ್ಯಾಮೆರಾದ ಕಾರ್ಡಿನಿಂದ ಯಾವ ಮೂಲ ವಿಡಿಯೋವನ್ನೂ ಅಳಿಸಬೇಡಿ. ಬೆಳತನಕ ನಡೆದ ಆಟವನ್ನು ಅದೇ ಮೇಳ, ಅದೇ ಭಾಗವತರೊಂದಿಗೆ ಮತ್ತೊಮ್ಮೆ ಆಡಿಸಿ ಚಿತ್ರಿಸಿಕೊಳ್ಳಲು ಬರುವುದಿಲ್ಲ.

ಪೆನ್‌ಡ್ರೈವಿನಿಂದಲೇ ಆರಂಭಿಸೋಣ. ಕಾಪಿ ಮಾಡುವ ಕಿಟಕಿಯಲ್ಲಿ ಶೇಕಡಾ ಲೆಕ್ಕ ತೋರಿಸುವ ಪಟ್ಟಿ ಇದೆಯಲ್ಲ, ಅದು ಪೆನ್‌ಡ್ರೈವಿನ ಮೇಲೆ ಎಷ್ಟು ಬರೆಯಲಾಗಿದೆ ಎಂಬುದನ್ನು ತೋರಿಸುವುದಿಲ್ಲ. ಆ ತಂತ್ರಾಂಶವು ಲಿನಕ್ಸಿನ ತಿರುಳಾದ ಕರ್ನಲ್‌ನ ಕೈಗೆ ಎಷ್ಟನ್ನು ಒಪ್ಪಿಸಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಕರ್ನಲ್ ಆ ದತ್ತಾಂಶವನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ನಂತರ ಸಾವಕಾಶವಾಗಿ ಸಾಧನಕ್ಕೆ ಬರೆಯುತ್ತದೆ. ಹಂಗಾಮಿನಲ್ಲಿ ನಿಮ್ಮ ಕಡೆಯ ಸಕ್ಕರೆ ಕಾರ್ಖಾನೆಯ ಮುಂದೆ ನಡೆಯುವುದೂ ಇದೇ: ಅಂಗಳ ಖಾಲಿ ಇರುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳು ತೂಕ ಮಾಡಿಸಿ, ಚೀಟಿ ಪಡೆದು ಸರಸರನೆ ಒಳಗೆ ಹೋಗುತ್ತವೆ, ಅಂಗಳ ತುಂಬಿದ ಮೇಲೆ ಗಾಣ ಎಷ್ಟು ನುರಿಸುತ್ತದೆಯೋ ಅಷ್ಟೇ ಗಾಡಿಗಳು ಗೇಟು ದಾಟುತ್ತವೆ, ಉಳಿದವು ರಸ್ತೆಯ ಮೇಲೆ ಸಾಲುಗಟ್ಟುತ್ತವೆ. ನಿಮ್ಮ ಕಿಟಕಿಯ ಪಟ್ಟಿ ಎಣಿಸುತ್ತಿರುವುದು ತೂಕದ ಚೀಟಿಗಳನ್ನು.

ಈ ‘ಅಂಗಳ’ದ ಅಳತೆ ಎಷ್ಟು ಎಂಬುದನ್ನು ಕರ್ನಲ್‌ನ ಎರಡು ಮಿತಿಗಳು ನಿರ್ಧರಿಸುತ್ತವೆ. ಸಾಮಾನ್ಯವಾಗಿ, ಬರೆಯದೆ ಉಳಿದ ದತ್ತಾಂಶವು ಬಳಕೆಗೆ ಲಭ್ಯವಿರುವ ಮೆಮೊರಿಯ ಶೇ. 10ನ್ನು ಮುಟ್ಟಿದಾಗ ಹಿನ್ನೆಲೆಯಲ್ಲಿ ಬರೆಯುವ ಕೆಲಸ ಚುರುಕಾಗುತ್ತದೆ, ಶೇ. 20ರ ಸಮೀಪಕ್ಕೆ ಬಂದಾಗ, ಇನ್ನೂ ಕೊಡಲು ಬರುವ ತಂತ್ರಾಂಶವನ್ನು ಕರ್ನಲ್ ತಡೆದು ನಿಲ್ಲಿಸುತ್ತದೆ. ನಿಮ್ಮ 16 ಜಿಬಿಯಲ್ಲಿ ಬಳಕೆಗೆ ಲಭ್ಯವಿರುವುದು 13 ಜಿಬಿ ಎಂದಿಟ್ಟುಕೊಂಡರೆ ಅದರ ಶೇ. 20 ಎಂದರೆ 2.6 ಜಿಬಿ. ನೀವು ಬರೆದಿರುವ ‘ಮೊದಲ ಎರಡು ಮೂರು ಜಿಬಿ’ ಇದೇ. ಕಡಿಮೆ ಬೆಲೆಯ ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿಯಂತೆ ಬರೆಯುತ್ತದೆ ಎಂದುಕೊಂಡರೆ, ಆ 2.6 ಜಿಬಿ ನಿಜವಾಗಿ ಇಳಿಯಲು ಐದೂವರೆ ನಿಮಿಷ ಬೇಕು. ಪೂರ್ತಿ 14 ಜಿಬಿಗೆ ಸುಮಾರು ಅರ್ಧ ಗಂಟೆ. ಪಟ್ಟಿ ನಿಂತಂತೆ ಕಂಡ ಹೊತ್ತಿನಲ್ಲೂ ಕೆಲಸ ನಡೆದೇ ಇತ್ತು, ನೀವು ಕಿತ್ತುಕೊಂಡ ಕ್ಷಣದವರೆಗೂ.

ಇದನ್ನು ನಂಬಿಕೆಯ ಮೇಲೆ ಬಿಡಬೇಕಿಲ್ಲ, ಕಣ್ಣಾರೆ ನೋಡಬಹುದು. ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ‘ಮೆಮ್‌ಇನ್ಫೋ’ ಎಂಬ ಫೈಲಿದೆ. ಅದರಲ್ಲಿ ‘ಡರ್ಟಿ’ ಎಂಬ ಸಾಲು ಇನ್ನೂ ಬರೆಯಬೇಕಾಗಿರುವ ದತ್ತಾಂಶವನ್ನೂ, ‘ರೈಟ್‌ಬ್ಯಾಕ್’ ಎಂಬ ಸಾಲು ಈ ಕ್ಷಣ ಬರೆಯಲಾಗುತ್ತಿರುವುದನ್ನೂ ಕಿಲೋಬೈಟ್‌ಗಳಲ್ಲಿ ತೋರಿಸುತ್ತವೆ. ‘ವಾಚ್’ ಎಂಬ ಆಜ್ಞೆಯೊಂದಿಗೆ ಆ ಎರಡು ಸಾಲುಗಳನ್ನು ಸೆಕೆಂಡಿಗೊಮ್ಮೆ ಹೊಸದಾಗಿ ಮೂಡುವಂತೆ, ಆಜ್ಞೆಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಕಾಪಿ ಮಾಡುವ ಕಿಟಕಿಯನ್ನು ಇರಿಸಿ. ಪಟ್ಟಿ ಓಡುವಾಗ ಡರ್ಟಿ ಅಂಕಿ ಇಪ್ಪತ್ತು ಲಕ್ಷ ದಾಟಿ ಏರುತ್ತದೆ. ಪಟ್ಟಿ ನಿಂತ ಮೇಲೆ ಅದು ಅಲ್ಲಲ್ಲೇ ತೂಗಾಡುತ್ತದೆ. ಇಡೀ ಫೈಲು ಕರ್ನಲ್‌ನ ಕೈ ಸೇರಿ ಶೇ. 100 ತೋರಿಸಿದ ಬಳಿಕ ಅಂಕಿ ಮೆಲ್ಲಗೆ, ಆದರೆ ಬಿಡದೆ ಇಳಿಯುತ್ತದೆ. ಕೊನೆಗೆ ಕೆಲವೇ ನೂರಕ್ಕೆ ಬಂದು ನಿಂತಾಗ ನಿಮ್ಮ ವಿಡಿಯೋ ಪೆನ್‌ಡ್ರೈವಿನ ಮೇಲಿದೆ ಎಂದು ತಿಳಿಯಿರಿ. ಟರ್ಮಿನಲ್‌ನಲ್ಲಿ ‘ಸಿಂಕ್’ ಎಂದು ಬರೆದು ಎಂಟರ್ ಒತ್ತಿದರೆ, ಬಾಕಿಯಿರುವುದೆಲ್ಲ ಬರೆದು ಮುಗಿಯುವವರೆಗೆ ಆ ಆಜ್ಞೆ ಮರಳುವುದಿಲ್ಲ. ಫೈಲ್ ಮ್ಯಾನೇಜರಿನ ಎಜೆಕ್ಟ್ ಗುರುತನ್ನು ಒತ್ತಿದಾಗ ಒಳಗೆ ನಡೆಯುವುದೂ ಇದೇ. ಎರಡರಲ್ಲಿ ಒಂದು ಮುಗಿಯದೆ ಪೆನ್‌ಡ್ರೈವಿಗೆ ಕೈ ಹಚ್ಚಬೇಡಿ.

ಆದರೆ ಡರ್ಟಿ ಅಂಕಿ ನಿಮಿಷಗಟ್ಟಲೆ ಒಂದಿನಿತೂ ಕದಲದೆ ನಿಂತರೆ ಅದು ಬೇರೆಯ ಮಾತು. ಅಂಕಿ ಅಲುಗಾಡುತ್ತಿದ್ದರೆ ಕಾಯಬೇಕು, ಅಲುಗಾಡದಿದ್ದರೆ ಹುಡುಕಬೇಕು. ನಾನು ಈ ಉತ್ತರದಲ್ಲಿ ಹೇಳಬಯಸುವುದರ ತಿರುಳು ಇದೇ. ಮುಂದಿನದೆಲ್ಲ ಎಲ್ಲಿ ಹುಡುಕಬೇಕು ಎಂಬುದರ ವಿವರ.

ಪಟ್ಟಿಯ ಈ ಭ್ರಮೆಯನ್ನು ಕಡಿಮೆ ಮಾಡಲು ಉಪಾಯವಿದೆ. ಶೇಕಡಾವಾರು ಮಿತಿಗಳು ಕಂಪ್ಯೂಟರುಗಳಲ್ಲಿ 8ರಿಂದ 64 ಎಂಬಿ ರ‍್ಯಾಮ್ ಇದ್ದ ಕಾಲದ ಆಲೋಚನೆ, ಆಗ ಶೇ. 20 ಎಂದರೆ ಲೆಕ್ಕಕ್ಕೇ ಬಾರದಷ್ಟು. ಇಂದಿನ ರ‍್ಯಾಮಿಗೆ ಅದೇ ಶೇಕಡಾ ಅನ್ವಯಿಸಿದಾಗ ನಿಧಾನದ ಪೆನ್‌ಡ್ರೈವಿನ ಮುಂದೆ ಗಿಗಾಬೈಟ್‌ಗಟ್ಟಲೆ ದತ್ತಾಂಶ ರಾಶಿ ಬೀಳುತ್ತದೆ ಎಂಬ ಬಗ್ಗೆ 2013ರಲ್ಲಿ ಕರ್ನಲ್ ಬರೆಯುವವರ ನಡುವೆಯೇ ದೀರ್ಘ ಚರ್ಚೆ ನಡೆಯಿತು, ಲಿನಕ್ಸನ್ನು ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರೂ ಆ ಮಿತಿಗಳು ಹೆಚ್ಚಾದವೆಂದು ಒಪ್ಪಿದರು. 2017ರ 4.10 ಆವೃತ್ತಿಯಲ್ಲಿ, ಹಿನ್ನೆಲೆಯ ಬರವಣಿಗೆಯಿಂದ ಉಳಿದ ಕೆಲಸಗಳು ಉಸಿರುಗಟ್ಟದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಸೇರಿತು. ಆದರೂ ಶೇಕಡಾವಾರು ಮಿತಿ ಹಾಗೆಯೇ ಉಳಿದಿದೆ. ಅದರ ಬದಲು ಬೈಟ್‌ಗಳಲ್ಲಿ ಮಿತಿ ಹಾಕಲು ಅವಕಾಶವಿದೆ: ‘ವಿಎಂ ಡಾಟ್ ಡರ್ಟಿ ಅಂಡರ್‌ಸ್ಕೋರ್ ಬೈಟ್ಸ್’ ಎಂಬುದಕ್ಕೆ 268435456, ಅಂದರೆ 256 ಎಂಬಿ; ‘ವಿಎಂ ಡಾಟ್ ಡರ್ಟಿ ಅಂಡರ್‌ಸ್ಕೋರ್ ಬ್ಯಾಕ್‌ಗ್ರೌಂಡ್ ಅಂಡರ್‌ಸ್ಕೋರ್ ಬೈಟ್ಸ್’ ಎಂಬುದಕ್ಕೆ 67108864, ಅಂದರೆ 64 ಎಂಬಿ. ಈ ಎರಡು ಸಾಲುಗಳನ್ನು ‘ಇಟಿಸಿ’ ಫೋಲ್ಡರಿನ ‘ಸಿಸ್‌ಸಿಟಿಎಲ್ ಡಾಟ್ ಡಿ’ ಒಳಗೆ, ‘ಡಾಟ್ ಕಾನ್ಫ್’ ಎಂದು ಕೊನೆಯಾಗುವ ಹೆಸರಿನ ಒಂದು ಹೊಸ ಫೈಲಿನಲ್ಲಿ ಬರೆದು ಕಂಪ್ಯೂಟರ್ ಮರುಚಾಲನೆ ಮಾಡಿ. ಪೆನ್‌ಡ್ರೈವ್ ಇದರಿಂದ ವೇಗವಾಗುವುದಿಲ್ಲ. ಆದರೆ ಪಟ್ಟಿ ಹೆಚ್ಚುಕಡಿಮೆ ನಿಜವನ್ನೇ ಹೇಳತೊಡಗುತ್ತದೆ, ಕಾಪಿ ನಡೆಯುವಾಗ ಉಳಿದ ಕೆಲಸಗಳು ಜಡವಾಗುವುದೂ ತಗ್ಗುತ್ತದೆ. ಈ ಮಿತಿ ಒಳಗಿನ ಡಿಸ್ಕಿಗೂ ಅನ್ವಯಿಸುತ್ತದೆ. ನಿಮ್ಮಂಥ ಬಳಕೆಯಲ್ಲಿ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಪೆನ್‌ಡ್ರೈವ್ ಖರೀದಿಸುವಾಗ ಪೊಟ್ಟಣದ ಮೇಲಿನ ವೇಗವನ್ನು ನೋಡಿ ಮೋಸಹೋಗಬೇಡಿ, ಅಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಓದುವ ವೇಗ. ಹಲವು ಪೆನ್‌ಡ್ರೈವುಗಳಲ್ಲಿ ಮೊದಲ ಒಂದಷ್ಟು ದತ್ತಾಂಶ ವೇಗದ ಭಾಗಕ್ಕೆ ಬೀಳುತ್ತದೆ, ಆ ಭಾಗ ತುಂಬಿದ ಮೇಲೆ ವೇಗ ಧುತ್ತನೆ ಕುಸಿಯುತ್ತದೆ. ಬಾಗಲಕೋಟೆ, ವಿಜಯಪುರಗಳ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಮೇಲ್ಛಾವಣಿಯ ಕೋಣೆಯಲ್ಲಿ ದೀರ್ಘಕಾಲ ಬರೆಯುವ ಪೆನ್‌ಡ್ರೈವ್ ಮುಟ್ಟಲಾಗದಷ್ಟು ಕಾದು ಇನ್ನೂ ನಿಧಾನವಾದರೂ ಅಚ್ಚರಿಯಿಲ್ಲ.

ಇನ್ನೆರಡು ಲಕ್ಷಣಗಳನ್ನು ಗಮನಿಸಿ. ಕಾಪಿ ಪ್ರತಿಸಲವೂ ಸರಿಯಾಗಿ 4 ಜಿಬಿಯ ಹತ್ತಿರ ‘ಫೈಲು ತೀರಾ ದೊಡ್ಡದು’ ಎಂಬ ಅರ್ಥದ ಸಂದೇಶದೊಂದಿಗೆ ನಿಂತರೆ ಆ ಪೆನ್‌ಡ್ರೈವ್ ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ಹಳೆಯ ವಿನ್ಯಾಸದಲ್ಲಿದೆ. ಆ ವಿನ್ಯಾಸದಲ್ಲಿ ಒಂದು ಫೈಲು 4 ಜಿಬಿಗಿಂತ ಒಂದು ಬೈಟ್ ಕಡಿಮೆಯಷ್ಟೇ ಇರಬಲ್ಲದು. ಹಲವು ಕ್ಯಾಮೆರಾಗಳು ದೀರ್ಘ ಚಿತ್ರೀಕರಣವನ್ನು 4 ಜಿಬಿಯ ತುಂಡುಗಳಾಗಿ ಕತ್ತರಿಸುವುದಕ್ಕೂ ಇದೇ ಕಾರಣ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಈ ತೊಡಕು ಇರುವುದಿಲ್ಲ, 2020ರ 5.7 ಆವೃತ್ತಿಯಿಂದ ಅದಕ್ಕೆ ಉತ್ತಮ ಚಾಲಕ ಕರ್ನಲ್‌ನಲ್ಲೇ ಇದೆ. ಎರಡನೆಯದು ನಕಲಿ ಪೆನ್‌ಡ್ರೈವ್. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ‘ಒಂದು ಟಿಬಿ’ ಪೆನ್‌ಡ್ರೈವುಗಳ ಒಳಗೆ ಅದರ ಸಣ್ಣ ಪಾಲಿನಷ್ಟೇ ಜಾಗವಿರಬಹುದು. ಅವು ಕಾಪಿಯನ್ನು ಪೂರ್ಣ ಮಾಡಿದಂತೆ ತೋರಿಸಿಯೂ ವಿಡಿಯೋವನ್ನು ಹಾಳುಮಾಡುತ್ತವೆ. ‘ಎಫ್3’ ಎಂಬ ಉಚಿತ ತಂತ್ರಾಂಶ ಇದನ್ನು ಪತ್ತೆ ಮಾಡುತ್ತದೆ: ಅದರ ‘ಎಫ್3ರೈಟ್’ ಖಾಲಿ ಜಾಗವನ್ನೆಲ್ಲ ಪರೀಕ್ಷಾ ಫೈಲುಗಳಿಂದ ತುಂಬುತ್ತದೆ, ‘ಎಫ್3ರೀಡ್’ ಅವನ್ನು ಮರಳಿ ಓದಿ ಎಷ್ಟು ಸರಿಯಾಗಿದೆ ಎಂದು ಹೇಳುತ್ತದೆ. ಕಲಾವಿದರಿಗೆ ಕೊಡಲು ಒಟ್ಟಿಗೆ ಕೊಂಡ ಹೊಸ ಪೆನ್‌ಡ್ರೈವುಗಳಲ್ಲಿ ಒಂದನ್ನಾದರೂ ಹೀಗೆ ಪರೀಕ್ಷಿಸಿ.

ರದ್ದು ಮಾಡಿದರೂ ಕಿಟಕಿ ಮುಚ್ಚದಿರುವುದಕ್ಕೆ ಕಾರಣ, ಸಾಧನದ ಉತ್ತರಕ್ಕಾಗಿ ಕರ್ನಲ್ ಒಳಗೆ ಕಾಯುತ್ತಿರುವ ಪ್ರಕ್ರಿಯೆಯನ್ನು ಯಾರೂ ನಡುವೆ ಎಬ್ಬಿಸಲಾರರು. ‘ಪಿಎಸ್’ ಆಜ್ಞೆಯ ಪಟ್ಟಿಯಲ್ಲಿ ಅಂಥ ಪ್ರಕ್ರಿಯೆಯ ಸ್ಥಿತಿ ‘ಡಿ’ ಅಕ್ಷರದಿಂದ ಕಾಣುತ್ತದೆ. ‘ಕಿಲ್ ಮೈನಸ್ 9’ ಕೂಡ ಅದರ ಮೇಲೆ ನಡೆಯುವುದಿಲ್ಲ. ಅದಕ್ಕೆ ಬೇಕಾದ ಉತ್ತರ ಬಂದಾಗ, ಅಥವಾ ಸಾಧನ ಸೋತಿತೆಂದು ಕರ್ನಲ್ ತೀರ್ಮಾನಿಸಿದಾಗ ತಾನಾಗಿ ಬಿಡುಗಡೆಯಾಗುತ್ತದೆ. ಪವರ್ ಬಟನ್ ಒತ್ತಿಹಿಡಿದು ಕಂಪ್ಯೂಟರ್ ಆರಿಸುವುದು ಕಟ್ಟಕಡೆಯ ಉಪಾಯ.

ಈಗ ಹಾರ್ಡ್‌ಡಿಸ್ಕಿನ ವಿಷಯಕ್ಕೆ ಬರೋಣ. ‘ಆಗಾಗ ಅರ್ಧ ನಿಮಿಷ ಸ್ತಬ್ಧ’ ಎಂಬ ನಿಮ್ಮ ಮಾತು ನನ್ನ ಗಮನ ಸೆಳೆಯಿತು. ಡಿಸ್ಕಿಗೆ ಕೊಟ್ಟ ಆದೇಶಕ್ಕೆ ಉತ್ತರ ಬಾರದಿದ್ದರೆ ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡು ಕಾದು, ಆಮೇಲೆ ಸಾಧನವನ್ನು ರಿಸೆಟ್ ಮಾಡಿ ಮತ್ತೆ ಪ್ರಯತ್ನಿಸುತ್ತದೆ. ಹಾಗಾಗಿ ಅರ್ಧ ನಿಮಿಷದ ನಿಲುಗಡೆ, ಬಳಿಕ ಮತ್ತೆ ಓಟ, ಮತ್ತೆ ನಿಲುಗಡೆ ಎಂಬುದು ಅಲಕ್ಷಿಸಬಾರದ ಗುರುತು. ಇದನ್ನು ಖಚಿತಪಡಿಸಲು ಕರ್ನಲ್‌ನ ದಿನಚರಿಯನ್ನು ಓದಬೇಕು. ಕಾಪಿ ಶುರುವಾಗುವ ಮುನ್ನ ಟರ್ಮಿನಲ್‌ನಲ್ಲಿ ‘ಸುಡೋ ಡಿಎಂಇಎಸ್‌ಜಿ ಮೈನಸ್ ಡಬ್ಲ್ಯೂ’ ಎಂಬ ಆಜ್ಞೆ ಕೊಟ್ಟರೆ (ಡಬ್ಲ್ಯೂ ಸಣ್ಣಕ್ಷರದಲ್ಲಿರಲಿ), ಹೊಸ ಸಂದೇಶಗಳು ಬಂದಂತೆಲ್ಲ ಅಲ್ಲಿ ಮೂಡುತ್ತವೆ.

ಎಲ್ಲವೂ ಸರಿಯಿದ್ದರೆ ಗಂಟೆಗಟ್ಟಲೆ ಬರೆಯುವಾಗಲೂ ಅಲ್ಲಿ ಏನೂ ಬರುವುದಿಲ್ಲ. ‘ರಿಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಅಥವಾ ‘ರಿಸೆಟ್ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂಬ ಸಾಲು ಪದೇಪದೇ ಬಂದರೆ, ದೋಷ ಬಹುತೇಕ ಕೇಬಲ್, ಪೋರ್ಟ್ ಅಥವಾ ವಿದ್ಯುತ್ ಪೂರೈಕೆಯದ್ದು. ‘ಐ/ಒ ಎರರ್’ ಎಂಬ ಸಾಲಿನ ಜೊತೆ ಸೆಕ್ಟರಿನ (ಡಿಸ್ಕಿನ ಮೇಲಿನ ಒಂದು ಸಣ್ಣ ತುಂಡಿನ) ಸಂಖ್ಯೆ ಬಂದು, ಮತ್ತೆ ಮತ್ತೆ ಅದೇ ಸಂಖ್ಯೆಯ ಸುತ್ತಮುತ್ತ ಬಂದರೆ ಡಿಸ್ಕಿನ ಮೇಲ್ಮೈಯೇ ಹಾಳಾಗಿರುವ ಶಂಕೆ. ‘ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಎಂಬ ಸಾಲನ್ನು ಕಂಡು ಬಹಳ ಮಂದಿ ಗಾಬರಿಯಾಗುತ್ತಾರೆ. ಅದು ಯಾವುದೋ ಪ್ರಕ್ರಿಯೆ ಎರಡು ನಿಮಿಷದಿಂದ ಕಾಯುತ್ತಿದೆ ಎಂಬ ವರದಿಯಷ್ಟೇ, ಏಕೆ ಕಾಯುತ್ತಿದೆ ಎಂಬುದನ್ನು ಅದರ ಹಿಂದಿನ ಸಾಲುಗಳಲ್ಲಿ ಹುಡುಕಬೇಕು.

ರಿಸೆಟ್‌ಗಳು ಕಂಡರೆ ಮೊದಲು ಡಿಸ್ಕನ್ನು ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿನಿಂದ ತೆಗೆದು ಹಿಂಭಾಗದ, ಮದರ್‌ಬೋರ್ಡಿಗೇ ಅಂಟಿರುವ ಪೋರ್ಟಿಗೆ ಚುಚ್ಚಿ. ಮುಂಭಾಗದ ಪೋರ್ಟುಗಳಿಗೆ ಒಳಗೆ ಉದ್ದದ ತಂತಿ ಹೋಗಿರುತ್ತದೆ, ಹಳೆಯ ಕಂಪ್ಯೂಟರುಗಳಲ್ಲಿ ಅದು ಸಡಿಲವಾಗಿರುವುದು ಸಾಮಾನ್ಯ. ನಡುವೆ ಹಬ್ ಇದ್ದರೆ ತೆಗೆಯಿರಿ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಆರಂಭದಲ್ಲೂ ಭಾರಿ ಬರವಣಿಗೆಯಲ್ಲೂ ಹೆಚ್ಚು ಎಳೆಯುವುದರಿಂದ, ಇದೇ ಅಂಕಿಯನ್ನು ನಾಲ್ಕು ಸಾಧನಗಳಿಗೆ ಹಂಚುವ ಅಗ್ಗದ ಹಬ್ ಅದಕ್ಕೆ ಸಾಲದು. ನಂತರ ಕೇಬಲ್ ಬದಲಿಸಿ. ‘ಎಲ್‌ಎಸ್‌ಯುಎಸ್‌ಬಿ ಮೈನಸ್ ಟಿ’ ಎಂಬ ಆಜ್ಞೆ ಯಾವ ಸಾಧನ ಯಾವ ವೇಗದಲ್ಲಿ ಜೋಡಣೆಯಾಗಿದೆ ಎಂದು ತೋರಿಸುತ್ತದೆ: 3.0 ಡಿಸ್ಕಿನ ಮುಂದೆ 5000ಎಂ ಎಂದಿರಬೇಕಾದಲ್ಲಿ 480ಎಂ ಎಂದಿದ್ದರೆ ಅದು ಹಳೆಯ ವೇಗಕ್ಕೆ ಇಳಿದಿದೆ, ಆಗ ಸೆಕೆಂಡಿಗೆ 30ರಿಂದ 40 ಎಂಬಿಗಿಂತ ಹೆಚ್ಚನ್ನು ನಿರೀಕ್ಷಿಸಲಾಗದು. ಕೇಬಲಿನ ತುದಿಯನ್ನು ಅರ್ಧಂಬರ್ಧ ಚುಚ್ಚಿದಾಗಲೂ ಹೀಗಾಗುತ್ತದೆ. ಕೇಬಲ್, ಪೋರ್ಟ್ ಎರಡೂ ಬದಲಾದ ಮೇಲೂ ರಿಸೆಟ್ ನಿಲ್ಲದಿದ್ದರೆ, ಆಗ ಡಿಸ್ಕಿನ ಪೆಟ್ಟಿಗೆಯೊಳಗಿನ ಚಿಪ್ ‘ಯುಎಎಸ್’ ಎಂಬ ವೇಗದ ವಿಧಾನದಲ್ಲಿ ಮುಗ್ಗರಿಸುತ್ತಿರಬಹುದು. ದಿನಚರಿಯಲ್ಲಿ ‘ಯುಎಎಸ್’ ಎಂಬ ಅಕ್ಷರಗಳಿಂದ ಆರಂಭವಾಗುವ ಅಬಾರ್ಟ್ ಸಂದೇಶಗಳು ಬರುವುದು ಇದರ ಕುರುಹು. ಆ ಸಾಧನಕ್ಕೆ ಮಾತ್ರ ಹಳೆಯ ವಿಧಾನವನ್ನೇ ಬಳಸುವಂತೆ ಕರ್ನಲ್‌ಗೆ ಹೇಳುವ ಸೌಲಭ್ಯವಿದೆ. ತುಸು ನಿಧಾನವಾದರೂ ಸ್ಥಿರವಾಗಿ ನಡೆಯುತ್ತದೆ.

ಡಿಸ್ಕಿನ ಆರೋಗ್ಯ ನೋಡಲು ‘ಸ್ಮಾರ್ಟ್‌ಮನ್‌ಟೂಲ್ಸ್’ ಎಂಬ ಪ್ಯಾಕೇಜ್ ಹಾಕಿಕೊಂಡು ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆಯಿಂದ ವರದಿ ತೆಗೆಯಿರಿ. ಉದ್ದನೆಯ ಆ ವರದಿಯಲ್ಲಿ ನಿಮಗೆ ಬೇಕಾದದ್ದು ಮೂರೇ ಸಾಲು. 5ನೆಯ ಕ್ರಮಾಂಕದ್ದು ಈಗಾಗಲೇ ಕೆಟ್ಟು ಬದಲಿಸಲಾದ ಸೆಕ್ಟರುಗಳ ಎಣಿಕೆ, 197ನೆಯದು ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದ್ದು, 199ನೆಯದು ಡಿಸ್ಕ್ ಮತ್ತು ಅದರ ಸಂಪರ್ಕದ ನಡುವೆ ದತ್ತಾಂಶ ಕೆಟ್ಟ ಸಲಗಳದ್ದು. ಪ್ರತಿ ಸಾಲಿನ ಕೊನೆಯ ಅಂಕಣವನ್ನು ಓದಿ; 197 ಸೊನ್ನೆಯಲ್ಲದಿದ್ದರೆ, ಅಥವಾ 5 ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆ ಡಿಸ್ಕಿಗೆ ಹೊಸದನ್ನು ಬರೆಯುವುದನ್ನು ಅಂದೇ ನಿಲ್ಲಿಸಿ. ಇಂಥ ಡಿಸ್ಕಿನಿಂದ ಸಾಮಾನ್ಯ ಕಾಪಿ ಮಾಡಲು ಹೋದರೆ ಅದು ಕೆಟ್ಟ ಜಾಗದಲ್ಲೇ ಹೆಣಗಾಡುತ್ತ ಕೂರುತ್ತದೆ. ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶ ಸುಲಭವಾಗಿ ಓದಬಹುದಾದ ಭಾಗವನ್ನೆಲ್ಲ ಮೊದಲು ಹೊಸ ಡಿಸ್ಕಿಗೆ ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಫೈಲು ವ್ಯವಸ್ಥೆ ಸರಿಪಡಿಸುವ ಆಜ್ಞೆಗಳನ್ನು ಮೊದಲು ಓಡಿಸಬೇಡಿ, ಅದು ಬರೆಯುವ ಕೆಲಸ, ಉಳಿದದ್ದನ್ನೂ ಕೆಡಿಸಬಹುದು.

ದಿನಚರಿ ನಿಶ್ಶಬ್ದವಾಗಿದ್ದು, ಆರೋಗ್ಯದ ಅಂಕಿಗಳೂ ಸರಿಯಿದ್ದು, ಡಿಸ್ಕ್ ಮೊದಲ ಹಲವು ಜಿಬಿಗಳ ನಂತರ ಮಾತ್ರ ತೆವಳತೊಡಗಿದರೆ ಅದು ಎಸ್‌ಎಂಆರ್ ಬಗೆಯದಾಗಿರಬಹುದು. ಅಂಗೈಯಗಲದ ಹೊರಗಿನ ಡಿಸ್ಕುಗಳಲ್ಲಿ ಈ ಬಗೆ ಸಾಮಾನ್ಯ. ಅವುಗಳಲ್ಲಿ ದತ್ತಾಂಶದ ಹಾದಿಗಳು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಇರುತ್ತವೆ, ಆದ್ದರಿಂದ ನಡುವೆ ಒಂದನ್ನು ತಿದ್ದಲು ಪಕ್ಕದ ಹಲವನ್ನು ಮತ್ತೆ ಬರೆಯಬೇಕಾಗುತ್ತದೆ. ಡಿಸ್ಕ್ ಹೊಸ ದತ್ತಾಂಶವನ್ನು ಒಂದು ತಾತ್ಕಾಲಿಕ ವಲಯದಲ್ಲಿ ಇಟ್ಟುಕೊಂಡು ಬಿಡುವಾದಾಗ ಜೋಡಿಸುತ್ತದೆ. ವಲಯ ತುಂಬಿದರೆ ವೇಗ ಸೆಕೆಂಡಿಗೆ ಕೆಲವೇ ಎಂಬಿಗೆ ಕುಸಿಯಬಹುದು. ಇದು ರೋಗವಲ್ಲ. ಒಂದು ಆಟದ ವಿಡಿಯೋ ಹಾಕಿ ಮುಗಿಸಿ, ಡಿಸ್ಕನ್ನು ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ಮತ್ತೊಂದನ್ನು ಹಾಕಿ. ಸಂಗ್ರಹಕ್ಕೆಂದೇ ಹೊಸ ಡಿಸ್ಕ್ ಕೊಳ್ಳುವಾಗ ಅದು, ಹಾದಿಗಳು ಒಂದರ ಮೇಲೊಂದು ಬಾರದ ಸಿಎಂಆರ್ ಬಗೆಯದೇ ಎಂದು ಅಂಗಡಿಯವರನ್ನು ಕೇಳಿ.

ಡಿಸ್ಕ್ ಎನ್‌ಟಿಎಫ್‌ಎಸ್ ವಿನ್ಯಾಸದಲ್ಲಿದ್ದು ಅದನ್ನು ವಿಂಡೋಸ್ ಕಂಪ್ಯೂಟರಿಗೂ ಹಚ್ಚುತ್ತಿದ್ದರೆ, ಅಲ್ಲಿಯ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವು ಡಿಸ್ಕನ್ನು ಅರೆಮುಚ್ಚಿದ ಸ್ಥಿತಿಯಲ್ಲಿ ಬಿಡಬಹುದು. ಆಗ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ. ಸಂಗ್ರಹದ ಡಿಸ್ಕ್ ಲಿನಕ್ಸಿನಲ್ಲಷ್ಟೇ ಬಳಕೆಯಾಗುವುದಾದರೆ ಇಎಕ್ಸ್‌ಟಿ4 ಎಂಬ ಲಿನಕ್ಸಿನದೇ ವಿನ್ಯಾಸ ಇರಲಿ, ಹಂಚುವ ಪೆನ್‌ಡ್ರೈವುಗಳಿಗೆ ಎಕ್ಸ್‌ಫ್ಯಾಟ್ ಸಾಕು.

ವಿಂಡೋಸ್‌ಗೆ ಮರಳಬೇಕೆ ಎಂದು ಕೇಳಿದ್ದೀರಿ. ಬೇಡ. ಅಲ್ಲಿ ಕೀಳಬಹುದಾದ ಸಾಧನಗಳಿಗೆ ರ‍್ಯಾಮ್‌ನಲ್ಲಿ ರಾಶಿ ಹಾಕದೆ ಬರೆಯುವ ಕ್ರಮ ರೂಢಿಯಲ್ಲಿರುವುದರಿಂದ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ, ನಿಜ. ಆದರೆ ಮೇಲೆ ಹೇಳಿದ ಎರಡು ಸಾಲುಗಳಿಂದ ಆ ವ್ಯತ್ಯಾಸದ ಬಹುಭಾಗ ಅಳಿಯುತ್ತದೆ. ಸಡಿಲ ಕೇಬಲ್ ಆಗಲಿ, ಕೆಡುತ್ತಿರುವ ಡಿಸ್ಕ್ ಆಗಲಿ ಯಾವ ವ್ಯವಸ್ಥೆಯಲ್ಲೂ ಸರಿಹೋಗುವುದಿಲ್ಲ; ಲಿನಕ್ಸಿನಲ್ಲಿ ಅದರ ಕುರುಹು ದಿನಚರಿಯಲ್ಲಿ ಬಿಚ್ಚಿಟ್ಟಂತೆ ಸಿಗುತ್ತದೆ ಎಂಬುದು ನಿಮಗೆ ಅನುಕೂಲವೇ.

ಬೆಳಗಾವಿಗೆ ಕಳುಹಿಸುವ ಮಾತು. ಮೊದಲು ಲೆಕ್ಕ ಸರಿಯಾಗಿರಲಿ: ಬ್ರಾಡ್‌ಬ್ಯಾಂಡ್ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರ ಬೈಟ್‌ಗಳಲ್ಲಿರುತ್ತದೆ. ನಿಮ್ಮ ಕಡೆಯಿಂದ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೋಗುವುದು 2.5 ಎಂಬಿ, ಅಂದರೆ 14 ಜಿಬಿಗೆ ಏನೂ ತೊಡಕಿಲ್ಲದಿದ್ದರೂ ಒಂದೂವರೆ ಗಂಟೆಗೆ ಮೇಲೆ. ಇಷ್ಟು ದೀರ್ಘ ಪಯಣದಲ್ಲಿ ಒಮ್ಮೆಯೂ ಕಡಿಯಬಾರದು ಎಂದು ಆಶಿಸುವುದಕ್ಕಿಂತ, ಕಡಿದರೂ ಅಲ್ಲಿಂದಲೇ ಮುಂದುವರಿಯುವ ಸಾಧನವನ್ನು ಬಳಸುವುದು ಸರಿ. ಆರ್‌ಸಿಂಕ್ ಇರುವುದು ಇದಕ್ಕಾಗಿಯೇ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಈ ತಂತ್ರಾಂಶ ಇಂದಿಗೂ ಈ ಕೆಲಸಕ್ಕೆ ನನ್ನ ಮೊದಲ ಆಯ್ಕೆ. ಅದಕ್ಕೆ ‘ಪಾರ್ಶಿಯಲ್’ ಎಂಬ ಆಯ್ಕೆ ಕೊಟ್ಟರೆ ಅರ್ಧ ಹೋದ ಫೈಲನ್ನು ಅಳಿಸದೆ ಉಳಿಸಿಕೊಳ್ಳುತ್ತದೆ. ‘ಅಪೆಂಡ್-ವೆರಿಫೈ’ ಎಂಬುದನ್ನು ಸೇರಿಸಿದರೆ ಉಳಿದ ಭಾಗವನ್ನಷ್ಟೇ ಕಳುಹಿಸಿ, ಕೊನೆಗೆ ಇಡೀ ಫೈಲನ್ನು ಎರಡೂ ಕಡೆ ತಾಳೆ ನೋಡುತ್ತದೆ. ಮರುದಿನ ರಾತ್ರಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಸಾಕು.

ನಿಲ್ಲುವುದಕ್ಕೆ ಕಾರಣವನ್ನೂ ಹುಡುಕಬೇಕು. ನೀವು ವೈಫೈನಲ್ಲಿದ್ದರೆ ಒಂದು ರಾತ್ರಿ ರೂಟರಿನಿಂದ ನೇರ ತಂತಿ ಎಳೆದು ಪ್ರಯತ್ನಿಸಿ. ತಂತಿಯಲ್ಲಿ ನಿಲ್ಲದಿದ್ದರೆ ಶಂಕೆ ವೈಫೈನ ವಿದ್ಯುತ್ ಉಳಿತಾಯದ ಮೇಲೆ ಹೋಗುತ್ತದೆ. ಮಿಂಟ್, ಉಬುಂಟುಗಳಲ್ಲಿ ಇದು ಚಾಲ್ತಿಯಲ್ಲೇ ಇರುತ್ತದೆ. ‘ನೆಟ್‌ವರ್ಕ್‌ಮ್ಯಾನೇಜರ್’ನ ಸೆಟ್ಟಿಂಗ್ ಫೈಲಿನಲ್ಲಿ ‘ವೈಫೈ ಡಾಟ್ ಪವರ್‌ಸೇವ್’ ಎಂಬುದರ ಮುಂದೆ 3 ಇರುವುದನ್ನು 2 ಮಾಡಿದರೆ ಅದು ನಿಲ್ಲುತ್ತದೆ.

ಇನ್ನೊಂದು ಕಾರಣ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಲಾಗಿನ್ ಆಗುತ್ತದೆ, ಸಣ್ಣ ಫೈಲುಗಳು ಹೋಗುತ್ತವೆ, ದೊಡ್ಡ ಫೈಲು ಮಾತ್ರ ಆರಂಭದಲ್ಲೇ ನಿಂತು ಪರದೆಯ ಮೇಲೆ ‘ಸ್ಟಾಲ್ಡ್’ ಎಂದು ಬರುತ್ತದೆ ಎಂದಾದರೆ, ಕಂಪ್ಯೂಟರ್ ಕಳುಹಿಸುವ ಪೊಟ್ಟಣಗಳು ದಾರಿಯ ಅಳತೆಗಿಂತ ದೊಡ್ಡವಾಗಿರಬಹುದು. ಸಾಮಾನ್ಯ ಅಳತೆ 1500 ಬೈಟ್. ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಬಗೆಯ ಬ್ರಾಡ್‌ಬ್ಯಾಂಡಿನಲ್ಲಿ ಅದು 1492. ದೊಡ್ಡ ಪೊಟ್ಟಣ ಹಿಡಿಸುವುದಿಲ್ಲ ಎಂದು ದಾರಿಯ ರೂಟರ್ ಮರಳಿ ತಿಳಿಸಬೇಕು. ಆ ಸೂಚನೆಯನ್ನೇ ಯಾರಾದರೂ ತಡೆದಿದ್ದರೆ ಪೊಟ್ಟಣಗಳು ಸದ್ದಿಲ್ಲದೆ ಮಾಯವಾಗುತ್ತವೆ. ಪರೀಕ್ಷೆ ಸರಳ: ತುಂಡು ಮಾಡಬಾರದು ಎಂಬ ಆಯ್ಕೆಯೊಂದಿಗೆ, ಅಂದರೆ ‘ಮೈನಸ್ ಎಂ ಡು’ (ಎಂ ದೊಡ್ಡಕ್ಷರದಲ್ಲಿರಲಿ) ಎಂಬುದರೊಂದಿಗೆ, ಗೆಳೆಯರ ಕಂಪ್ಯೂಟರಿಗೆ 1472 ಬೈಟ್ ಗಾತ್ರದ ಪಿಂಗ್ (ಉತ್ತರ ಬೇಡುವ ಪರೀಕ್ಷಾ ಪೊಟ್ಟಣ) ಕಳುಹಿಸಿ, ನಂತರ 1464ರದ್ದು. ಶೀರ್ಷಿಕೆಯ 28 ಬೈಟ್ ಸೇರಿದರೆ ಅವು 1500 ಮತ್ತು 1492 ಆಗುತ್ತವೆ. ಮೊದಲನೆಯದಕ್ಕೆ ಉತ್ತರವಿಲ್ಲದೆ ಎರಡನೆಯದಕ್ಕೆ ಬಂದರೆ ನಿಮ್ಮ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಂಟಿಯು (ಪೊಟ್ಟಣದ ಗರಿಷ್ಠ ಅಳತೆ) ಎಂಬಲ್ಲಿ 1492 ಎಂದು ಬರೆಯಿರಿ. ನೀವು ಬರೆದಂತೆ ನಡುದಾರಿಯಲ್ಲಿ ನಿಲ್ಲುವುದಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ. ಆದರೂ ಎರಡು ನಿಮಿಷದ ಪರೀಕ್ಷೆ, ಮಾಡಿ ಬದಿಗಿಡುವುದು ಒಳ್ಳೆಯದು. ಗೆಳೆಯರ ಕಡೆ ಡಿಸ್ಕ್ ತುಂಬಿದೆಯೇ ಎಂದು ‘ಡಿಎಫ್ ಮೈನಸ್ ಎಚ್’ ಕೊಟ್ಟು ನೋಡಲು ಅವರಿಗೂ ಹೇಳಿ.

ಕೊನೆಯದಾಗಿ, ಕಾಪಿ ಮುಗಿದ ಮೇಲೆ ಅದು ಸರಿಯಾಗಿದೆಯೇ ಎಂದು ತಿಳಿಯುವ ಬಗೆ. ಮೂಲ ಫೈಲಿಗೂ ನಕಲಿಗೂ ‘ಎಸ್‌ಎಚ್‌ಎ256ಸಮ್’ ಆಜ್ಞೆ ಕೊಟ್ಟು, ಬರುವ 64 ಅಕ್ಷರಗಳ ಸಾಲು ಎರಡರಲ್ಲೂ ಒಂದೇ ಇದೆಯೇ ನೋಡಿ. ಇದರಲ್ಲಿ ಹಲವರು ಎಡವುವ ಒಂದು ಜಾಗವಿದೆ: ಕಾಪಿಯಾದ ಕೂಡಲೇ ನಕಲನ್ನು ಪರೀಕ್ಷಿಸಿದರೆ ಕರ್ನಲ್ ಅದನ್ನು ಪೆನ್‌ಡ್ರೈವಿನಿಂದ ಓದದೆ, ಇನ್ನೂ ರ‍್ಯಾಮ್‌ನಲ್ಲಿ ಉಳಿದಿರುವ ಪ್ರತಿಯಿಂದಲೇ ಓದಿ ‘ಸರಿ’ ಎನ್ನಬಹುದು. ಆದ್ದರಿಂದ ಮೊದಲು ಎಜೆಕ್ಟ್ ಮಾಡಿ, ಕಿತ್ತು, ಮತ್ತೆ ಚುಚ್ಚಿ, ಆಮೇಲೆ ಪರೀಕ್ಷಿಸಿ. ಆ ಸಾಲುಗಳನ್ನು ಆಟದ ಹೆಸರು, ಊರು, ದಿನಾಂಕದೊಂದಿಗೆ ಒಂದು ಸಣ್ಣ ಫೈಲಿನಲ್ಲಿ ಬರೆದು ಸಂಗ್ರಹದ ಡಿಸ್ಕಿನಲ್ಲೂ ಗೆಳೆಯರ ಬಳಿಯೂ ಇಡಿ. ವರ್ಷಗಳ ನಂತರವೂ ಯಾವ ಪ್ರತಿ ಕೆಟ್ಟಿದೆ, ಯಾವುದು ಉಳಿದಿದೆ ಎಂದು ಅದರಿಂದ ಹೇಳಬಹುದು. ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡುವುದು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಈ ಸಾಲು ತಾಳೆಯಾದ ಮೇಲೆಯೇ ಆಗಲಿ. ಕರ್ನಲ್ ದಿನಚರಿಯಲ್ಲಿ ರಿಸೆಟ್ ಅಥವಾ ಐ/ಒ ಎರರ್ ಕಂಡರೆ ಆ ಸಾಲುಗಳನ್ನು ಹಾಗೆಯೇ ನಕಲು ಮಾಡಿ, ಸ್ಮಾರ್ಟ್‌ಸಿಟಿಎಲ್ ವರದಿಯ 5, 197, 199ನೆಯ ಅಂಕಿಗಳೊಂದಿಗೆ ಮತ್ತೆ ಬರೆಯಿರಿ. ಡಿಸ್ಕನ್ನು ಉಳಿಸಿಕೊಳ್ಳಬಹುದೇ, ಬದಲಿಸಬೇಕೇ ಎಂಬುದನ್ನು ಅವನ್ನು ನೋಡಿ ಹೇಳುತ್ತೇನೆ.